ಊರಿನ ಹೆಣ್ಣುಮಕ್ಕಳ ಸಾಗಣೆ ತಡೆಯಲು ಪಂಚಾಯಿತಿ ಕಾವಲು ಸಮಿತಿ ಮಾಡಬೇಕಾದ ಕೆಲಸ

ಉತ್ತರ ಕರ್ನಾಟಕದ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಸಾಂಗ್ಲಿ, ಮೀರಜ್, ಪುಣೆ, ಮುಂಬೈ ಕಡೆ ಸಾಗಿಸುವ ದಾರಿ ಹಳೆಯದು. ಅದಕ್ಕೆ ಈಗ ಮಹಾನಗರಗಳ ಮಸಾಜ್ ಪಾರ್ಲರ್, ಕೊಲ್ಲಿ ದೇಶಗಳ ಮನೆಗೆಲಸ, ದೂರದ ರಾಜ್ಯದ ವರನ ಜತೆ ತರಾತುರಿಯ ಮದುವೆ ಸೇರಿಕೊಂಡಿವೆ. ದಾರಿ ಯಾವುದೇ ಇರಲಿ, ಮೊದಲ ಹೆಜ್ಜೆ ಊರಲ್ಲೇ ಬೀಳುತ್ತದೆ. ಕರೆದೊಯ್ಯುವವರು ಸಾಮಾನ್ಯವಾಗಿ ಮನೆಯವರಿಗೆ ಗೊತ್ತಿರುವವರೇ ಆಗಿರುತ್ತಾರೆ: ದೂರದ ಸಂಬಂಧದ ಅತ್ತೆ, ಗುಳೆ ಮೇಸ್ತ್ರಿ, ಹಿಂದೆ ಊರು ಬಿಟ್ಟು ಈಗ ಜಾತ್ರೆಗೆ ಮೈತುಂಬ ಚಿನ್ನ ಹಾಕಿಕೊಂಡು ಬರುವ ಗೆಳತಿ, ಇನ್‌ಸ್ಟಾಗ್ರಾಂನಲ್ಲಿ ಮೂರು ತಿಂಗಳಿಂದ ಮಾತಾಡುತ್ತಿರುವ ಹುಡುಗ. ಪೊಲೀಸರಿಗೆ ಇವರಲ್ಲಿ ಯಾರ ಮುಖವೂ ಗೊತ್ತಿರುವುದಿಲ್ಲ, ಊರವರಿಗೆ ಗೊತ್ತಿರುತ್ತದೆ. ಊರಿನ ಸಮಿತಿಯ ಬಲ ಇರುವುದು ಅಲ್ಲಿ, ದಾಳಿ ಮಾಡುವುದರಲ್ಲಲ್ಲ.

ಮೊದಲಿಗೆ ಕಾನೂನಿನ ಎರಡು ಮಾತು ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಮುಂದಿನ ಕೆಲಸವೆಲ್ಲ ದಾರಿ ತಪ್ಪುತ್ತದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಬೆದರಿಕೆ, ಬಲವಂತ, ಮೋಸ, ಆಮಿಷ ಅಥವಾ ಅಧಿಕಾರದ ದುರ್ಬಳಕೆಯಿಂದ ಒಬ್ಬರನ್ನು ಶೋಷಣೆಗಾಗಿ ಸೇರಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಕೈ ಬದಲಿಸುವುದು, ಪಡೆಯುವುದು ಎಲ್ಲವೂ ಸಾಗಣೆಯೇ. 'ಅವಳೇ ಒಪ್ಪಿ ಹೋದಳು' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಸಂತ್ರಸ್ತರ ಒಪ್ಪಿಗೆ ಗಣನೆಗೆ ಬರುವುದಿಲ್ಲವೆಂದು ಕಲಮಿನಲ್ಲೇ ಇದೆ. ಶಿಕ್ಷೆ ಕನಿಷ್ಠ 7 ವರ್ಷ. 18 ತುಂಬದವರಾದರೆ ಕನಿಷ್ಠ 10 ವರ್ಷದಿಂದ ಜೀವಾವಧಿ.

ಎರಡನೆಯದು: ವಯಸ್ಕ ಹೆಣ್ಣುಮಗಳೊಬ್ಬಳು ತಾನಾಗಿ ಲೈಂಗಿಕ ಕೆಲಸ ಮಾಡುವುದೇ ನಮ್ಮ ದೇಶದಲ್ಲಿ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು, ಆ ಸಂಪಾದನೆಯ ಮೇಲೆ ಬದುಕುವುದು, ಇನ್ನೊಬ್ಬರನ್ನು ಅದಕ್ಕೆ ದೂಡುವುದು, ಕೂಡಿಹಾಕುವುದು, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಡಿ ಅಪರಾಧ. ಠಾಣೆಗಳಲ್ಲಿ ಇದನ್ನು ಐಟಿಪಿ ಕಾಯ್ದೆ ಎನ್ನುತ್ತಾರೆ. ಸಮಿತಿ ಬೆನ್ನು ಹತ್ತಬೇಕಾದ್ದು ದಲ್ಲಾಳಿಯನ್ನು, ಮನೆ ನಡೆಸುವವರನ್ನು, ಮಕ್ಕಳನ್ನು ಮಾರುವವರನ್ನು. ಊರಾಚೆ ಬಾಡಿಗೆ ಮನೆಯಲ್ಲಿರುವ ಒಂಟಿ ಹೆಂಗಸನ್ನು ಓಡಿಸುವುದಕ್ಕೆ ಈ ಸಮಿತಿಯನ್ನು ಬಳಸಿಕೊಂಡರೆ ಅದು ಅನ್ಯಾಯ. ನಾಳೆ ನಿಜವಾದ ಸುಳಿವು ಕೊಡಬಲ್ಲವರೂ ಅವಳಂಥವರೇ, ಅವರೇ ದೂರವಾಗುತ್ತಾರೆ.

ಸಮಿತಿ ಕಟ್ಟುವುದು

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಧ್ಯಕ್ಷರ ನೇತೃತ್ವದ ಮಕ್ಕಳ ರಕ್ಷಣೆಯ ಸಮಿತಿ ಕಾಗದದ ಮೇಲೆ ಬಹುತೇಕ ಕಡೆ ಇದೆ. ಹೊಸದನ್ನು ಹುಟ್ಟುಹಾಕುವ ಬದಲು ಅದನ್ನೇ ಎಬ್ಬಿಸಿ. ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ, ಕಾರ್ಯಕರ್ತೆಯರು, ಆಶಾ, ಶಾಲೆಯ ಮುಖ್ಯೋಪಾಧ್ಯಾಯರು, ಬೀಟ್ ಪೊಲೀಸ್, ಸ್ವಸಹಾಯ ಸಂಘದ ಇಬ್ಬರು, ಮಕ್ಕಳ ಪ್ರತಿನಿಧಿಗಳಾಗಿ ಇಬ್ಬರು ಇರಲಿ. ದೇವದಾಸಿ ಪದ್ಧತಿಯಿಂದ ಹೊರಬಂದ ತಾಯಂದಿರು ಇರುವ ಊರುಗಳಲ್ಲಿ ಅವರಲ್ಲೊಬ್ಬರು ಇರಲೇಬೇಕು. ಯಾವ ಮನೆಗೆ ಯಾರು ಬಂದು ಹೋಗುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಾದಷ್ಟು ಬೇಗ ಬೇರೆಯವರಿಗೆ ಗೊತ್ತಾಗುವುದಿಲ್ಲ.

ಸಭೆ ತಿಂಗಳಿಗೊಮ್ಮೆ, ಒಂದು ತಾಸು ಸಾಕು. ಆದರೆ ತಿಂಗಳ ನಡುವೆ ಬರುವ ಸುಳಿವನ್ನು ಯಾರಿಗೆ ಹೇಳಬೇಕು ಎಂಬುದು ಮೊದಲೇ ಗೊತ್ತಿರಬೇಕು. ಅದಕ್ಕೆ ಒಬ್ಬರು ಮಹಿಳೆಯನ್ನು ಗೊತ್ತುಮಾಡಿ, ಅವರಿಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬರನ್ನು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಗಿಯ ಹೆಸರು, ಫೋಟೊ ಹಾಕುವುದು ಬೇಡವೇ ಬೇಡ. ಆ ಗುಂಪಿನಲ್ಲಿರುವ ಒಬ್ಬರ ಸಂಬಂಧಿಯೇ ದಲ್ಲಾಳಿಯಾಗಿದ್ದರೆ ಅರ್ಧ ತಾಸಿನಲ್ಲಿ ಹುಡುಗಿಯ ಜಾಗ ಬದಲಾಗಿರುತ್ತದೆ.

ಪಂಚಾಯಿತಿ ಗೋಡೆ, ಶಾಲೆ, ಬಸ್ ನಿಲ್ದಾಣದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಬೇಕಾದ ಸಂಖ್ಯೆಗಳು ಇಷ್ಟು: ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112, ರೈಲಿನಲ್ಲಿ ಅನುಮಾನ ಬಂದರೆ 139, ಉಚಿತ ಕಾನೂನು ನೆರವಿಗೆ 15100.

ಗುಳೆ ಪುಸ್ತಕ

ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಕಾಫಿ ತೋಟಕ್ಕೆ, ಕಟ್ಟಡ ಕೆಲಸಕ್ಕೆ ಜನ ಹೊರಡುತ್ತಾರೆ. ಈ ಗದ್ದಲದಲ್ಲಿ ಒಬ್ಬಳು ಹುಡುಗಿ ಬೇರೆಯೇ ವಾಹನ ಹತ್ತಿದರೆ ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಒಂದು ದಪ್ಪ ರಿಜಿಸ್ಟರ್ ಇಡಿ. ಅಂಕಣಗಳು: ಹೆಸರು, ಶಾಲಾ ದಾಖಲೆಯ ಹುಟ್ಟಿದ ದಿನ, ಹೋಗುವ ಊರು ಮತ್ತು ಕೆಲಸದ ಜಾಗ, ಕರೆದೊಯ್ಯುವವರ ಹೆಸರು ಮತ್ತು ಮೊಬೈಲ್, ವಾಹನದ ನಂಬರ್, ಕೊಟ್ಟ ಮುಂಗಡ, ಮರಳುವ ತಿಂಗಳು, ಮನೆಯವರ ಜತೆ ಕೊನೆಯ ಬಾರಿ ಮಾತಾಡಿದ ದಿನ.

ಕೊನೆಯ ಅಂಕಣವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಅದೇ ಎಲ್ಲಕ್ಕಿಂತ ಮುಖ್ಯ. ಅಂಗನವಾಡಿ ಕಾರ್ಯಕರ್ತೆ ಮನೆ ಭೇಟಿಗೆ ಹೋದಾಗ ಕೇಳಬೇಕಾದ ಪ್ರಶ್ನೆ ಒಂದೇ: 'ಈ ತಿಂಗಳು ಮಾತಾಡಿದಳೇ? ಅವಳೇ ಮಾಡಿದಳೋ, ಯಾರಾದರೂ ಫೋನು ಹಿಡಿದು ಮಾತಾಡಿಸಿದರೋ?' ಸ್ವಂತ ಫೋನಿಗೆ ಕರೆ ಹೋಗುತ್ತಿಲ್ಲ, ಪ್ರತಿ ಸಲ ಬೇರೆ ನಂಬರಿನಿಂದ ಬರುತ್ತದೆ, ಎರಡು ನಿಮಿಷದಲ್ಲಿ ಕಟ್ ಆಗುತ್ತದೆ, ವಿಡಿಯೊ ಕಾಲ್ ಬೇಡವೆನ್ನುತ್ತಾಳೆ, ಆದರೆ ದುಡ್ಡು ಮಾತ್ರ ಬರುತ್ತಿದೆ. ಇವು ಒಟ್ಟಿಗೆ ಕಂಡರೆ ಕಾಯಬೇಡಿ. 'ದುಡ್ಡು ಬರ್ತಿದೆಯಲ್ಲ, ಚೆನ್ನಾಗೇ ಇರಬೇಕು' ಎಂದು ಮನೆಯವರು ಸಮಾಧಾನ ಪಟ್ಟುಕೊಂಡಿರುತ್ತಾರೆ. ಆ ದುಡ್ಡು ಅವರ ಬಾಯಿ ಮುಚ್ಚಿಸಲೆಂದೇ ಬರುತ್ತಿರಬಹುದು.

ಈ ಪುಸ್ತಕ ಹೆಣ್ಣುಮಕ್ಕಳ ಓಡಾಟಕ್ಕೆ ಬೇಲಿಯಾಗಬಾರದು. 18 ತುಂಬದವರು ದಾಖಲಾಗಲೇಬೇಕು. ವಯಸ್ಕರದ್ದು ಅವರ ಇಷ್ಟ. ಬರೆಸಲು ಒಪ್ಪದಿದ್ದರೆ ಬಿಡಿ, ಸಹಾಯವಾಣಿ ಸಂಖ್ಯೆಗಳನ್ನು ಬರೆದ ಚೀಟಿ ಕೊಟ್ಟು ಕಳಿಸಿ. ಪುಸ್ತಕ ಪಿಡಿಒ ಬಳಿ ಬೀಗದಲ್ಲಿರಲಿ. ಅದನ್ನು ನೋಡಲು ಕೇಳುವ ಮೇಸ್ತ್ರಿಗೆ ತೋರಿಸಬೇಡಿ.

ಜತೆಗೆ ಶಾಲೆಯ ಹಾಜರಿ. ಕರ್ನಾಟಕದಲ್ಲಿ ಏಳು ದಿನ ಸತತ ಗೈರಾದ ಮಗುವನ್ನು ಶಾಲೆ ಬಿಟ್ಟ ಮಗುವೆಂದು ನೋಡಿ ಹುಡುಕಬೇಕು. ಏಳನೇ, ಎಂಟನೇ, ಹತ್ತನೇ ತರಗತಿಯ ಹುಡುಗಿ ಕಾರಣ ಹೇಳದೆ ಬರುವುದು ಬಿಟ್ಟಿದ್ದರೆ ಮುಖ್ಯೋಪಾಧ್ಯಾಯರು ಅದೇ ವಾರ ಸಮಿತಿಗೆ ತಿಳಿಸಲಿ. ಪರೀಕ್ಷೆಯ ಹೊತ್ತಿಗೆ ಗೊತ್ತಾದರೆ ಉಪಯೋಗವಿಲ್ಲ.

ಕೆಲಸದ ಆಸೆ, ಮದುವೆಯ ಆಸೆ

ಕೆಲಸ ಕೊಡಿಸುತ್ತೇನೆಂದು ಬಂದವರನ್ನು ಅನುಮಾನದಿಂದಲ್ಲ, ಪ್ರಶ್ನೆಗಳಿಂದ ಎದುರಿಸಿ. ಕಂಪನಿಯ ಹೆಸರೇನು, ಯಾವ ಬಡಾವಣೆಯಲ್ಲಿದೆ? ಪಿಎಫ್, ಇಎಸ್‌ಐ ಕೊಡುತ್ತಾರೆಯೇ? ಹಾಸ್ಟೆಲ್ ವಿಳಾಸ, ವಾರ್ಡನ್ ನಂಬರ್ ಯಾವುದು? ಈಗಾಗಲೇ ಅಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಒಬ್ಬಳ ಜತೆ ವಿಡಿಯೊದಲ್ಲಿ ಮಾತಾಡಬಹುದೇ? ಮನೆಯವರೊಬ್ಬರು ಜತೆಗೆ ಬಂದು ನೋಡಿ ಹೋಗಬಹುದೇ? ಕೊನೆಯ ಪ್ರಶ್ನೆಗೆ ನಿಜವಾದ ಉದ್ಯೋಗದಾತ ಹೂಂ ಎನ್ನುತ್ತಾನೆ. ದಲ್ಲಾಳಿ 'ನಾಳೆಯೇ ಹೊರಡಬೇಕು, ಸೀಟು ತುಂಬುತ್ತವೆ' ಎಂದು ಅವಸರ ಮಾಡುತ್ತಾನೆ. ಮನೆಯವರ ಕೈಗೆ ದೊಡ್ಡ ಮುಂಗಡ ಇಡುವುದು, ಆಧಾರ್ ಮತ್ತು ಟಿಸಿಯ ಮೂಲ ಪ್ರತಿ ಇಸಕೊಳ್ಳುವುದು, ಯಾರಿಗೂ ಹೇಳಬೇಡಿ ಎನ್ನುವುದು ಕೆಟ್ಟ ಸೂಚನೆ. ಮುಂಗಡ ತೀರುವ ತನಕ ಬಿಡುವುದಿಲ್ಲವೆಂದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಜೀತ. ಇದು ಮುಂದೆ ಪರಿಹಾರದ ವಿಚಾರದಲ್ಲಿ ಮತ್ತೆ ಬರುತ್ತದೆ, ನೆನಪಿರಲಿ.

ಹೊರಡುವವಳಿಗೆ ಮೂಲ ದಾಖಲೆ ತನ್ನ ಬಳಿಯೇ ಇಟ್ಟುಕೊಳ್ಳಲು, ಅದರ ಫೋಟೊ ತಾಯಿಯ ಫೋನಿನಲ್ಲಿ ಇಡಲು ಹೇಳಿ. ಎರಡು ನಂಬರ್ ಬಾಯಿಪಾಠ ಇರಲಿ, ಫೋನು ಕಸಿದುಕೊಂಡಾಗ ಕಾಂಟ್ಯಾಕ್ಟ್ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾಗಲೂ ಹೇಳಬಹುದಾದ ಗುಟ್ಟಿನ ಮಾತೊಂದು ತಾಯಿ ಮಗಳ ನಡುವೆ ಗೊತ್ತಿರಲಿ. 'ಕರಿ ಆಕಳು ಕರು ಹಾಕಿತೇ?' ಎಂದು ಕೇಳಿದರೆ ಕಷ್ಟದಲ್ಲಿದ್ದೇನೆ ಎಂದರ್ಥ, ಹೀಗೆ ಅವರೇ ಏನಾದರೂ ಆರಿಸಿಕೊಳ್ಳಲಿ.

ಕೊಲ್ಲಿ ದೇಶದ ಮನೆಗೆಲಸವಾದರೆ ಏಜೆಂಟ್ ನೋಂದಾಯಿತನೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕದ ಮಿತಿ ತೆರಿಗೆ ಬಿಟ್ಟು 30,000 ರೂಪಾಯಿ. ವಲಸೆ ಅನುಮತಿ ಬೇಕಾದ ದೇಶಗಳಿಗೆ 30 ವರ್ಷ ತುಂಬದ ಹೆಂಗಸರನ್ನು ಮನೆಗೆಲಸಕ್ಕೆ ಕಳಿಸಲು ಅನುಮತಿ ಸಿಗುವುದಿಲ್ಲ. ಹಾಗಾಗಿಯೇ ಮೋಸಗಾರರು ವಿಸಿಟ್ ವೀಸಾದಲ್ಲಿ ಹತ್ತಿಸುತ್ತಾರೆ. ಕೈಯಲ್ಲಿರುವುದು ವಿಸಿಟ್ ವೀಸಾ ಎಂದಾದರೆ ಅಲ್ಲಿ ದುಡಿಯುವ ಹಕ್ಕಿಲ್ಲ, ಓಡಿಬಂದರೆ ಅವಳೇ ಅಪರಾಧಿ. ಟಿಕೆಟ್ ಬುಕ್ ಆಗಿದ್ದರೂ ತಡೆಯಿರಿ.

ಮದುವೆಯ ಹೆಸರಿನಲ್ಲಿ ಬರುವವರ ಮಾತು ಎಲ್ಲೆಡೆ ಒಂದೇ: ವರದಕ್ಷಿಣೆ ಬೇಡ, ಖರ್ಚೆಲ್ಲ ನಮ್ಮದೇ, ಮೇಲೆ ನಿಮಗೇ ಇಷ್ಟು ಕೊಡುತ್ತೇವೆ. ವರನ ಊರಿನ ಪಂಚಾಯಿತಿಗೆ ಫೋನು ಮಾಡಿ ವಿಚಾರಿಸಿ, ಮದುವೆ ನೋಂದಣಿ ಕಡ್ಡಾಯ ಎನ್ನಿ. ನೋಂದಣಿ ಎಂದ ಕೂಡಲೇ ಎಷ್ಟೋ ಸಂಬಂಧಗಳು ತಾವಾಗಿ ಮುರಿದು ಬೀಳುತ್ತವೆ. ಹುಡುಗಿಗೆ 18 ತುಂಬಿಲ್ಲದಿದ್ದರೆ ಮಾತೇ ಇಲ್ಲ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು. ಪಿಡಿಒ ಬಾಲ್ಯವಿವಾಹ ನಿಷೇಧ ಅಧಿಕಾರಿಯೂ ಹೌದು, ತಡೆಯುವ ಅಧಿಕಾರ ಅವರಿಗಿದೆ.

ಮುತ್ತು ಕಟ್ಟುವುದು

1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದ ಮೇಲೆ ಗುಡಿಯ ಮುಂದೆ ಬಹಿರಂಗವಾಗಿ ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವರಿಗೆ ಬಿಡುವುದು, ನಿಂತಿದೆ. ಈಗ ನಡೆಯುವುದು ಮನೆಯೊಳಗೆ, ಇಲ್ಲವೇ ಬೇರೆ ಊರಿನ ಸಣ್ಣ ಗುಡಿಯಲ್ಲಿ, ನಾಲ್ಕು ಜನರ ನಡುವೆ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಯ ಮುಂಚಿನ ವಾರಗಳಲ್ಲಿ, ಸವದತ್ತಿ, ಹುಲಿಗಿ, ಉಚ್ಚಂಗಿದುರ್ಗದ ಕಡೆ ಜಾತ್ರೆಗೆ ಹೊರಡುವ ಹೊತ್ತಿನಲ್ಲಿ ಎಚ್ಚರ ಹೆಚ್ಚಿರಲಿ. ಗಂಡುಮಕ್ಕಳಿಲ್ಲದ ಮನೆ, ದೀರ್ಘ ಕಾಯಿಲೆಯ ಹರಕೆ ಹೊತ್ತ ಮನೆ, ತಾಯಿ ಅಥವಾ ಅಜ್ಜಿ ಆ ಪದ್ಧತಿಯಲ್ಲಿದ್ದ ಮನೆಗಳಿಗೆ ಮೊದಲೇ ಹೋಗಿ ಮಾತಾಡಿ.

ಹುಡುಗಿಯ ತಲೆಗೂದಲು ಜಡೆಗಟ್ಟಿದೆ, ದೇವಿ ಕರೆದಿದ್ದಾಳೆ ಎನ್ನುವುದು ಸಾಮಾನ್ಯ. ಅಲ್ಲಿ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ಸಿಕ್ಕುಗಟ್ಟಿದ ಕೂದಲನ್ನು ತೊಳೆಯದೆ, ಬಾಚದೆ ಬಿಟ್ಟರೆ ಆಗುವುದೇ ಅದು. ಆಶಾ ಕಾರ್ಯಕರ್ತೆ ಹೋಗಲಿ, ಜತೆಗೆ ಹಿಂದೆ ಜಡೆ ತೆಗೆಸಿಕೊಂಡು ಚೆನ್ನಾಗಿರುವ ಹೆಂಗಸು ಹೋಗಲಿ. ಅವಳನ್ನು ಕಂಡರೆ ಭಯ ಅರ್ಧ ಇಳಿಯುತ್ತದೆ. ಕೇಳದಿದ್ದರೆ ಕಾನೂನು ಇದ್ದೇ ಇದೆ: ಸಮರ್ಪಣೆ ಮಾಡುವುದು, ಹೆತ್ತವರೋ ಪಾಲಕರೋ ಸಂಬಂಧಿಯೋ ಮಾಡಿದರೂ, ಜೈಲು ಶಿಕ್ಷೆಯ ಅಪರಾಧ. ಹುಡುಗಿ ಅಪ್ರಾಪ್ತೆಯಾದರೆ 1098ಕ್ಕೆ ಕರೆ ಮಾಡಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತನ್ನಿ.

ಕಾಣೆಯಾದ ಮೊದಲ ದಿನ

ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ. ಮನೆಯವರು ಮರ್ಯಾದೆಗೆ ಅಂಜಿ ಎರಡು ಮೂರು ದಿನ ನೆಂಟರ ಮನೆಗಳಲ್ಲಿ ಹುಡುಕುತ್ತಾರೆ. ಆಮೇಲೆ ಠಾಣೆಗೆ ಹೋದರೆ 'ಯಾರ ಜೊತೆಗೋ ಓಡಿ ಹೋಗಿರಬೇಕು, ಇನ್ನೆರಡು ದಿನ ನೋಡಿ' ಎಂಬ ಉತ್ತರ. ಅಷ್ಟರಲ್ಲಿ ಹುಡುಗಿ ರಾಜ್ಯದ ಗಡಿ ದಾಟಿ, ಒಂದೆರಡು ಕೈ ಬದಲಾಗಿರುತ್ತಾಳೆ. ಸಮಿತಿಗೆ ಸುದ್ದಿ ಮುಟ್ಟಿದ ದಿನವೇ ತಂದೆ ತಾಯಿಯ ಜತೆ ಇಬ್ಬರು ಠಾಣೆಗೆ ಹೋಗಿ.

18 ತುಂಬದವರು ಕಾಣೆಯಾದರೆ ಅಪಹರಣ ಅಥವಾ ಸಾಗಣೆಯೆಂದೇ ಎಣಿಸಿ ಎಫ್‌ಐಆರ್ ಮಾಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಬಚಪನ್ ಬಚಾವೊ ಆಂದೋಲನ ಪ್ರಕರಣದಲ್ಲಿ ಹೇಳಿದೆ. ಕಾಯಬೇಕೆಂಬ 24 ಗಂಟೆಯ ನಿಯಮವೆಂಬುದೇ ಇಲ್ಲ. ಘಟನೆ ಬೇರೆ ಠಾಣೆಯ ಸರಹದ್ದಿನದ್ದಾದರೂ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಹತ್ತಿರದ ಠಾಣೆ ದೂರು ತೆಗೆದುಕೊಳ್ಳಬೇಕು. ಇದನ್ನೇ ಜೀರೊ ಎಫ್‌ಐಆರ್ ಎನ್ನುವುದು. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು, ಕೈಗೆ ಬರುವ ತನಕ ಠಾಣೆಯಿಂದ ಏಳಬೇಡಿ.

ಹೋಗುವಾಗ ಒಯ್ಯಬೇಕಾದ್ದು: ಇತ್ತೀಚಿನ ಫೋಟೊ, ಅದೂ ಮುಖ ಸರಿಯಾಗಿ ಕಾಣುವಂಥದ್ದು, ಫಿಲ್ಟರ್ ಹಾಕಿದ್ದಲ್ಲ, ಶಾಲೆಯ ಟಿಸಿ ಅಥವಾ ಅಂಕಪಟ್ಟಿ, ಮೊಬೈಲ್ ನಂಬರ್ ಮತ್ತು ಮೊಬೈಲ್ ಡಬ್ಬದ ಮೇಲಿರುವ 15 ಅಂಕಿಯ ಐಎಂಇಐ ಸಂಖ್ಯೆ, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಹೆಸರು, ಅನುಮಾನದ ನಂಬರುಗಳು ಮತ್ತು ಚಾಟ್‌ನ ಸ್ಕ್ರೀನ್‌ಶಾಟ್, ಹೊರಟಾಗ ತೊಟ್ಟ ಬಟ್ಟೆ, ಮೈಮೇಲಿನ ಗುರುತು. ಸಿಮ್ ಬದಲಾಯಿಸಿದರೂ ಐಎಂಇಐ ಬದಲಾಗುವುದಿಲ್ಲ, ಅದಕ್ಕೇ ಆ ಡಬ್ಬ ಎಸೆಯಬೇಡಿ ಎಂದು ಮೊದಲೇ ಹೇಳಿಡಿ.

ವಯಸ್ಸಿಗೆ ಆಧಾರ್ ನೆಚ್ಚಿಕೊಳ್ಳಬೇಡಿ. ದಲ್ಲಾಳಿಗಳು ಹುಟ್ಟಿದ ವರ್ಷ ತಿದ್ದಿಸಿದ ಆಧಾರ್ ಮಾಡಿಸಿರುತ್ತಾರೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಮೊದಲ ದಾಖಲೆ ಶಾಲೆಯದ್ದು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರಷ್ಟೇ ಎಲುಬಿನ ಪರೀಕ್ಷೆ. ಟಿಸಿ ಪ್ರತಿಯನ್ನು ಮೊದಲ ದಿನವೇ ಕೊಟ್ಟರೆ ನ್ಯಾಯಾಲಯದಲ್ಲಿ ಮುಂದೆ 'ಅವಳಿಗೆ 19' ಎಂಬ ವಾದ ನಿಲ್ಲುವುದಿಲ್ಲ.

ದೂರಿನ ಒಕ್ಕಣೆಯಲ್ಲೇ ಪ್ರಕರಣ ಅರ್ಧ ನಿಲ್ಲುತ್ತದೆ ಅಥವಾ ಬೀಳುತ್ತದೆ. 'ಮಗಳು ಮನೆ ಬಿಟ್ಟು ಹೋಗಿದ್ದಾಳೆ, ಹುಡುಕಿಕೊಡಿ' ಎಂದು ಬರೆದರೆ ಅದು ಕಾಣೆ ಪ್ರಕರಣವಾಗಿ ಕಪಾಟು ಸೇರುತ್ತದೆ. ಹೀಗೆ ಬರೆಯಿರಿ: 'ನನ್ನ ಮಗಳು, ಶಾಲಾ ದಾಖಲೆಯಂತೆ ಹುಟ್ಟಿದ ದಿನ ಇಂಥದ್ದು, ಇಂಥ ದಿನ ಇಷ್ಟು ಗಂಟೆಗೆ ಇಂಥ ಕಡೆಯಿಂದ ಕಾಣೆಯಾಗಿದ್ದಾಳೆ. ಇಂಥ ಊರಿನ ಇಂಥವರು ಕೆಲಸ ಕೊಡಿಸುವುದಾಗಿ ಹೇಳಿ ಈ ಮೊದಲು ಎರಡು ಸಲ ಮನೆಗೆ ಬಂದಿದ್ದರು. ಅವರ ಮೊಬೈಲ್ ನಂಬರ್ ಇದು. ಆಮಿಷ ಒಡ್ಡಿ ಶೋಷಣೆಗಾಗಿ ಸಾಗಿಸಿರುವ ಅನುಮಾನವಿದೆ. ಭಾರತೀಯ ನ್ಯಾಯ ಸಂಹಿತೆಯ 137 ಮತ್ತು 143ನೇ ಕಲಂ ಅಡಿ ಪ್ರಕರಣ ದಾಖಲಿಸಿ.' ನಡೆಯದ್ದನ್ನು ಸೇರಿಸಬೇಡಿ. ಒಂದು ಸುಳ್ಳು ಸಿಕ್ಕರೆ ನಿಜವೂ ನೆಲ ಕಚ್ಚುತ್ತದೆ. 18 ತುಂಬಿದವಳಾದರೆ 137ರ ಮಾತು ಬಿಟ್ಟು ಉಳಿದದ್ದನ್ನು ಹಾಗೆಯೇ ಬರೆಯಬಹುದು.

ಬಸ್ ನಿಲ್ದಾಣ, ರೈಲು ನಿಲ್ದಾಣ, ಟೋಲ್, ದಾರಿಯ ಅಂಗಡಿಗಳ ಸಿಸಿಟಿವಿ ದೃಶ್ಯ ಉಳಿಸುವಂತೆ ದೂರಿನ ಕೊನೆಯಲ್ಲೇ ಕೇಳಿಕೊಳ್ಳಿ. ದಿನ ಕಳೆದಂತೆ ಹಳೆಯದರ ಮೇಲೆ ಹೊಸದು ಬಿದ್ದು ಅಳಿಸಿ ಹೋಗುತ್ತದೆ.

ದೂರು ತೆಗೆದುಕೊಳ್ಳದಿದ್ದರೆ? 143, 144ನೇ ಕಲಂನ ಅಪರಾಧದ ಮಾಹಿತಿ ದಾಖಲಿಸದ ಸರ್ಕಾರಿ ನೌಕರನಿಗೆ ನ್ಯಾಯ ಸಂಹಿತೆಯ 199ನೇ ಕಲಂ ಪ್ರಕಾರ 6 ತಿಂಗಳಿಂದ 2 ವರ್ಷ ಕಠಿಣ ಸಜೆ. ಇದನ್ನು ಜಗಳವಾಡದೆ, ಮೆಲುದನಿಯಲ್ಲಿ ನೆನಪಿಸಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ. ಆಗದಿದ್ದರೆ ಅದೇ ದೂರನ್ನು ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ. ಮಗುವಾದರೆ ಮಕ್ಕಳ ಕಲ್ಯಾಣ ಸಮಿತಿಗೂ ಒಂದು ಪ್ರತಿ. ನಾಲ್ಕು ತಿಂಗಳಾದರೂ ಪತ್ತೆಯಾಗದ ಮಕ್ಕಳ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ತಾನಾಗಿ ಹೋಗುತ್ತದೆಂದು ಕೂರಬೇಡಿ, ನಾಲ್ಕನೇ ತಿಂಗಳು ತುಂಬಿದ ದಿನ ಸಮಿತಿಯೇ ಪತ್ರ ಬರೆಯಲಿ.

ಲಾಡ್ಜಿನ ಸುಳಿವು ಸಿಕ್ಕಾಗ

ಯಾವುದೋ ಲಾಡ್ಜಿನಲ್ಲೋ ಬಾಡಿಗೆ ಮನೆಯಲ್ಲೋ ಹುಡುಗಿಯರನ್ನು ಇಟ್ಟಿದ್ದಾರೆಂದು ಗೊತ್ತಾದರೆ ಊರ ಯುವಕರು ನುಗ್ಗುವುದು, ಗಿರಾಕಿಯಂತೆ ನಟಿಸಿ ಹೋಗುವುದು, ವಿಡಿಯೊ ಮಾಡುವುದು ಬೇಡ. ಹಿಂಬಾಗಿಲಿನಿಂದ ಹುಡುಗಿಯರನ್ನು ಸಾಗಿಸಿಬಿಡುತ್ತಾರೆ, ಸಾಕ್ಷ್ಯ ಹಾಳಾಗುತ್ತದೆ. ವಿಡಿಯೊ ಒಮ್ಮೆ ಹರಡಿದರೆ ಆ ಹುಡುಗಿ ಮತ್ತೆ ಊರಿಗೆ ಬರಲಾರಳು. ಲೈಂಗಿಕ ಅಪರಾಧದ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧವೂ ಹೌದು.

ಮಾಹಿತಿಯನ್ನು ಬರೆದು ಡಿವೈಎಸ್‌ಪಿ ಅಥವಾ ಕಳ್ಳಸಾಗಣೆ ತಡೆ ಘಟಕಕ್ಕೆ ನೇರವಾಗಿ ಕೊಡಿ: ವಿಳಾಸ, ಯಾವ ಮಹಡಿ, ಎಷ್ಟು ಬಾಗಿಲು, ಜನ ಸೇರುವ ಹೊತ್ತು, ವಾಹನಗಳ ನಂಬರ್, ಅಪ್ರಾಪ್ತರು ಇದ್ದಾರೆಂದು ಅನಿಸಲು ಕಾರಣ. ಸ್ಥಳೀಯ ಠಾಣೆಯಿಂದ ಸುದ್ದಿ ಸೋರುವ ಭಯವಿದ್ದರೆ ಐಟಿಪಿ ಕಾಯ್ದೆಯ 16ನೇ ಕಲಂ ನಿಮ್ಮ ನೆರವಿಗಿದೆ: ಯಾರು ಬೇಕಾದರೂ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಡಬಹುದು, ಅವರು ಪೊಲೀಸರಿಗೆ ರಕ್ಷಣೆಗೆ ಆದೇಶಿಸಬಹುದು.

ಅದೇ ಕಾಯ್ದೆಯ 15ನೇ ಕಲಂ ಅಡಿ ಶೋಧ ನಡೆದರೆ ಪಂಚರು, ಅಂದರೆ ಶೋಧಕ್ಕೆ ಸಾಕ್ಷಿಯಾಗುವವರು, ಕನಿಷ್ಠ ಇಬ್ಬರು ಬೇಕು, ಅವರಲ್ಲೊಬ್ಬರು ಮಹಿಳೆ. ಜತೆಗೆ ಇಬ್ಬರು ಮಹಿಳಾ ಪೊಲೀಸರು ಇರಬೇಕು. ಸಮಿತಿಯ ಮಹಿಳೆಯರು ಪಂಚರಾಗಲು ಹಿಂಜರಿಯಬೇಡಿ. ಪಂಚರು ತಿರುಗಿಬಿದ್ದ ಕಾರಣಕ್ಕೆ ಪ್ರಕರಣ ಬೀಳುವುದು ಹೊಸದೇನಲ್ಲ. ಪಂಚನಾಮೆ ಓದದೆ ಸಹಿ ಹಾಕಬೇಡಿ: ಎಷ್ಟು ಜನ, ಯಾವ ಕೋಣೆಯಲ್ಲಿ, ಲೆಕ್ಕದ ಪುಸ್ತಕ, ಮೊಬೈಲ್, ದುಡ್ಡು ಎಲ್ಲಿ ಸಿಕ್ಕಿತು ಎಂಬುದೆಲ್ಲ ಇರಲಿ. ಲೆಕ್ಕದ ಪುಸ್ತಕವೇ ಮಾಲೀಕನನ್ನು ಹಿಡಿಯುವ ದಾಖಲೆ, ಅದು ಪಟ್ಟಿಯಲ್ಲಿ ಬಿಟ್ಟುಹೋದರೆ ಜೈಲು ಸೇರುವುದು ಕೆಳಗಿನ ಹುಡುಗ ಮಾತ್ರ.

ಸಿಕ್ಕವರಲ್ಲಿ 18 ತುಂಬದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲಕಿ ಆರೋಪಿಯಲ್ಲ, ಪೋಕ್ಸೊ ಕಾಯ್ದೆಯೂ ಸೇರಬೇಕು. ವಯಸ್ಕರ ವಿಷಯ ಬೇರೆ. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಕೊಟ್ಟ ನಿರ್ದೇಶನದಂತೆ, ಸ್ವಇಚ್ಛೆಯ ವಯಸ್ಕ ಲೈಂಗಿಕ ಕಾರ್ಯಕರ್ತೆಯನ್ನು ದಾಳಿಯಲ್ಲಿ ಬಂಧಿಸುವುದು, ದಂಡಿಸುವುದು, ಕಿರುಕುಳ ಕೊಡುವುದು ಸಲ್ಲದು. ತಮ್ಮ ಇಷ್ಟಕ್ಕೆ ವಿರುದ್ಧವಾಗಿ ರಕ್ಷಣಾ ಗೃಹದಲ್ಲಿ ಕೂಡಿಹಾಕಿದ ವಯಸ್ಕರ ಪ್ರಕರಣ ಮರುಪರಿಶೀಲಿಸಿ ಬಿಡಬೇಕು. ಕಾಂಡೋಮ್ ಇತ್ತೆಂಬುದನ್ನು ಅಪರಾಧದ ಸಾಕ್ಷ್ಯ ಮಾಡಬಾರದು. ಲೈಂಗಿಕ ಕಾರ್ಯಕರ್ತೆಯರ ಸಂಘಟನೆಗಳನ್ನು ಎದುರಾಳಿಗಳಂತೆ ನೋಡುವುದು ನಮ್ಮಲ್ಲಿನ ದೊಡ್ಡ ತಪ್ಪು. ಕೋಲ್ಕತ್ತಾದ ಸೋನಾಗಾಚಿಯಲ್ಲಿ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯ ಸ್ವಯಂ ನಿಯಂತ್ರಣ ಮಂಡಳಿಗಳು ಹೊಸದಾಗಿ ಬಂದವರ ವಯಸ್ಸು, ಇಷ್ಟ ವಿಚಾರಿಸುತ್ತವೆ; ಮೈಸೂರಿನ ಅಶೋದಯ ಸಮಿತಿಯಂಥ ಸಂಘಟನೆ ನಮ್ಮಲ್ಲೇ ಇದೆ. ಚಿಕ್ಕ ಹುಡುಗಿ ಬಂದಿಳಿದಳೆಂಬುದು ಮೊದಲು ತಿಳಿಯುವುದು ಇವರಿಗೆ. ನಿಮ್ಮ ಜಿಲ್ಲೆಯಲ್ಲಿ ಅಂಥ ಸಂಘವಿದ್ದರೆ ಪರಿಚಯ ಬೆಳೆಸಿಕೊಳ್ಳಿ.

ಮರಳಿ ಬಂದವಳಿಗೆ

ಬಿಡಿಸಿ ತಂದ ಮೇಲೆ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಸಾಲ ಹಾಗೇ ಇರುತ್ತದೆ, ಊರ ಮಾತು ಹೆಚ್ಚಿರುತ್ತದೆ, ದಲ್ಲಾಳಿ ಜಾಮೀನಿನ ಮೇಲೆ ಬಂದು ಮನೆಯ ಮುಂದೆಯೇ ಓಡಾಡುತ್ತಾನೆ. ಮತ್ತೆ ಹೋಗುವವರು ಬಹಳ ಸಲ ಇದಕ್ಕೇ ಹೋಗುತ್ತಾರೆ. ಹೀಗಾಗಿ ಮೊದಲು ದುಡ್ಡಿನ ದಾರಿ ನೋಡಿ.

ಜನರಿಗೆ ಗೊತ್ತೇ ಇಲ್ಲದ ಕಾಗದವೊಂದಿದೆ: ಜೀತದಿಂದ ಬಿಡುಗಡೆಯ ಪ್ರಮಾಣಪತ್ರ. ಮುಂಗಡ ಅಥವಾ ಸಾಲದ ನೆಪದಲ್ಲಿ ಬಲವಂತದ ದುಡಿಮೆಗೆ ಇಟ್ಟಿದ್ದರೆ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಇದನ್ನು ಕೊಡುತ್ತಾರೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ವೇಶ್ಯಾಗೃಹ, ಮಸಾಜ್ ಪಾರ್ಲರ್, ಪ್ಲೇಸ್‌ಮೆಂಟ್ ಏಜೆನ್ಸಿಗಳ ಲೈಂಗಿಕ ಶೋಷಣೆಯಿಂದ ಅಥವಾ ಸಾಗಣೆಯಿಂದ ಬಿಡಿಸಲ್ಪಟ್ಟವರಿಗೆ 3 ಲಕ್ಷ ರೂಪಾಯಿ. ತಕ್ಷಣದ ನೆರವು 30,000 ರೂಪಾಯಿ ತನಕ. ಪೂರ್ತಿ ಮೊತ್ತ ಪ್ರಕರಣದ ತೀರ್ಪಿಗೆ ಗಂಟು ಬಿದ್ದಿರುತ್ತದೆ, ತಕ್ಷಣದ ನೆರವಿಗೆ ಆ ತೊಡಕಿಲ್ಲ. ಪೊಲೀಸರು ಐಟಿಪಿ ಪ್ರಕರಣವನ್ನಷ್ಟೇ ಮಾಡಿ, ಮುಂಗಡದ ವಿಚಾರ ಹೇಳಿಕೆಯಲ್ಲಿ ಬರೆಯದೇ ಬಿಟ್ಟರೆ ಈ ದಾರಿ ಮುಚ್ಚುತ್ತದೆ. ಹುಡುಗಿಯ ಮೊದಲ ಹೇಳಿಕೆಯಲ್ಲೇ ಯಾರು ಎಷ್ಟು ಮುಂಗಡ ಕೊಟ್ಟರು, ಹೊರಗೆ ಬಿಡುತ್ತಿದ್ದರೇ, ಸಂಬಳ ಕೈಗೆ ಬರುತ್ತಿತ್ತೇ ಎಂಬುದು ದಾಖಲಾಗಲಿ. ಬಿಡುಗಡೆಯಾದ ವಾರದೊಳಗೆ ಉಪವಿಭಾಗಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಎರಡನೆಯದು ಸಂತ್ರಸ್ತರ ಪರಿಹಾರ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ, ಜತೆಗೆ ಎಫ್‌ಐಆರ್, ವೈದ್ಯಕೀಯ ವರದಿ, ಬ್ಯಾಂಕ್ ಪಾಸ್‌ಬುಕ್. ಆರೋಪಿಗೆ ಶಿಕ್ಷೆಯಾಗುವ ತನಕ ಕಾಯಬೇಕಿಲ್ಲ, ಮಧ್ಯಂತರ ಪರಿಹಾರ ಕೇಳಿ. ಖಾತೆ ಅವಳ ಹೆಸರಿನಲ್ಲೇ ಇರಲಿ. ಜಂಟಿ ಖಾತೆಯಾದರೆ ಕಳಿಸಿದ ಚಿಕ್ಕಪ್ಪನ ಕೈಗೇ ದುಡ್ಡು ಹೋಗುವ ಸಂಭವವಿದೆ.

ಉಳಿಯಲು ಜಾಗ ಬೇಕಾದ ಮಹಿಳೆಯರಿಗೆ ಶಕ್ತಿ ಸದನ, ತುರ್ತಿಗೆ ಸಖಿ ಒನ್ ಸ್ಟಾಪ್ ಕೇಂದ್ರ, ಮಕ್ಕಳಿಗೆ ಬಾಲಮಂದಿರ. ದುಡಿಮೆಗೆ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಲೈಂಗಿಕ ಕಾರ್ಯಕರ್ತೆಯರಿಗೆ ಚೇತನ, ಎಚ್‌ಐವಿ ಇರುವವರಿಗೆ ಧನಶ್ರೀ, ಜತೆಗೆ ದೇವದಾಸಿ ಪುನರ್ವಸತಿ ಯೋಜನೆಗಳಿವೆ. ಮೂರಕ್ಕೂ ಅರ್ಜಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ದೇವದಾಸಿ ಯೋಜನೆಗಳಿಗೆ 1993-94 ಮತ್ತು 2007-08ರ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕೇಳುವುದು ರೂಢಿ, ಬಿಟ್ಟುಹೋದವರು ಅದಕ್ಕೇ ಕಂಗಾಲಾಗಿದ್ದಾರೆ. ಅಂಥವರ ಹೆಸರುಗಳನ್ನು ಗ್ರಾಮಸಭೆಯ ನಡಾವಳಿಯಲ್ಲಿ, ಅವರು ಒಪ್ಪಿದರೆ, ದಾಖಲಿಸಿಡಿ. ಹೊಸ ಸಮೀಕ್ಷೆಗಳು ಬಂದಾಗ ಅದೇ ಆಧಾರ. ಸೀಟು, ಟಿಸಿ ಎನ್ನುವ ತೊಡಕಿಲ್ಲದೆ ಹುಡುಗಿಯನ್ನು ಶಾಲೆಗೆ ಮತ್ತೆ ಸೇರಿಸಿಕೊಳ್ಳುವಂತೆ ಮುಖ್ಯೋಪಾಧ್ಯಾಯರ ಬಳಿ ಮಾತಾಡಿ, ಬೇಕಿದ್ದರೆ ಬೇರೆ ಊರಿನ ಕಸ್ತೂರಬಾ ಬಾಲಿಕಾ ವಿದ್ಯಾಲಯ ನೋಡಿ.

ಇನ್ನು ನ್ಯಾಯಾಲಯ. ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ಹೇಳಿಕೆ ಬೇಗ ಆಗಬೇಕು. ತಡವಾದಷ್ಟೂ ಒತ್ತಡಕ್ಕೆ ಮಾತು ಬದಲಾಗುತ್ತದೆ. ಬೆದರಿಕೆ ಬಂದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಮುಂಬೈ, ಪುಣೆಯಲ್ಲಿ ವಿಚಾರಣೆ ನಡೆಯುತ್ತಿದ್ದರೆ ವಿಡಿಯೊ ಮೂಲಕ ಸಾಕ್ಷ್ಯ ತೆಗೆದುಕೊಳ್ಳುವಂತೆ ಸರ್ಕಾರಿ ವಕೀಲರ ಮೂಲಕ ಕೋರಬಹುದು. ರೈಲು ಖರ್ಚಿಗೆ ಹೆದರಿ ಹುಡುಗಿ ಗೈರಾದ ದಿನವೇ ಆರೋಪಿಗೆ ಅನುಕೂಲ. ಪ್ರತಿ ವಾಯಿದೆಯ ದಿನಾಂಕವನ್ನು ಗುಳೆ ಪುಸ್ತಕದ ಹಿಂಬದಿಯಲ್ಲೇ ಬರೆದಿಟ್ಟುಕೊಂಡು, ಹದಿನೈದು ದಿನ ಮುಂಚೆ ಅವಳಿಗೆ ನೆನಪಿಸಿ, ಜತೆಗೆ ಹೋಗುವ ಮಹಿಳೆ ಯಾರೆಂದು ಆ ತಿಂಗಳ ಸಭೆಯಲ್ಲಿ ಗೊತ್ತುಮಾಡಿ.